ನೆಲದ ಮೇಲೆ ನಿಲ್ಲುವ ಮೂಟೆ

ಮಾರ್ಚ್ ೧೬, ಭಾನುವಾರ ಬೆಳಿಗ್ಗೆ

ಮುದ್ದಿನ ಗುದ್ದಮ್ಮನಿಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುತ್ತಿದ್ದವರು ನಿಮ್ಮಪ್ಪ. ಅವರು ಹೋದ ಮೇಲೆ ಮನೆಯಲ್ಲಿ ಯಾರೂ ಹಾಗೆ ಕರೆದಿಲ್ಲ. ನಾನಂತೂ ಅವರಿದ್ದಾಗಲೂ ಕರೆಯುತ್ತಿರಲಿಲ್ಲ, ಹೆಣ್ಣುಮಗುವಿಗೆ ಇಡುವ ಹೆಸರಾ ಇದು ಅಂತ ಮುಖ ಸಿಂಡರಿಸುತ್ತಿದ್ದೆ. ಇವತ್ತು ಬರೆಯಲು ಕೂತರೆ ಬೇರೆ ಯಾವ ಹೆಸರೂ ಕೈಗೆ ಬರಲಿಲ್ಲ. ನಿನಗೆ ಕೋಪ ಬಂದರೆ ಆ ಸಾಲನ್ನು ಹೊಡೆದುಹಾಕಿ ಮುಂದಿನದನ್ನಾದರೂ ಓದು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಫೋನು ನಿನಗೆ ಗೊತ್ತೇ ಇದೆ. ಊಟ ಆಯ್ತಾ, ಆಯ್ತು. ನಿಂದು, ಆಯ್ತು. ಸರಿ ಇಡ್ತೀನಿ. ನಾಲ್ಕು ವರ್ಷದಿಂದ ಇಬ್ಬರೂ ಹೊತ್ತುಹೊತ್ತಿಗೆ ಉಂಡಿದ್ದೇವೆ ಅನ್ನುವುದೊಂದನ್ನು ಬಿಟ್ಟರೆ ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿದಿಲ್ಲ.

ಎರಡು ವಾರದ ಕೆಳಗೆ ನಿಮ್ಮ ಸೋದರತ್ತೆ ನಾನು ಕೆಲಸ ಮಾಡುವ ಲೈಬ್ರರಿಗೇ ಬಂದಿದ್ದರು. ನಿನ್ನ ಹಾಸ್ಟೆಲ್ಲಿನ ಚಾವಣಿ ಸೋರುತ್ತಿದೆಯಂತೆ, ರಿಪೇರಿಗೆಂದು ಎರಡು ತಿಂಗಳು ಮುಚ್ಚುತ್ತಾರಂತೆ, ನಿನ್ನ ಬಾಕ್ಸಿಂಗ್ ಆಯ್ಕೆಯ ಪಂದ್ಯಗಳೂ ಸರಿಯಾಗಿ ಆ ಎರಡು ತಿಂಗಳ ಕೊನೆಗೇ ಬಂದಿವೆಯಂತೆ. “ಮಗೂಗೆ ಇರೋಕೆ ಒಂದು ರೂಮು, ಗುದ್ದೋಕೆ ಒಂದು ಮೂಟೆ, ಅಷ್ಟೇ ಬೇಕಾಗಿರೋದು ನೋಡು,” ಅಂದರು. ಅಂದವರು ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ತಲೆ ತಗ್ಗಿಸಿ ವಾಪಸು ಬಂದ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದೆ. ಒಂದೇ ಪುಸ್ತಕಕ್ಕೆ ಮೂರು ಸಲ ಒತ್ತಿದೆ.

ಈ ಕಾಗದ ಅದಕ್ಕೇ. ಆ ಎರಡು ತಿಂಗಳು ಮನೆಗೆ ಬಾ. ನಿನ್ನ ರೂಮು ಹಾಗೇ ಇದೆ. ಮೂಟೆಯನ್ನೂ ತಂದಿದ್ದೇನೆ. ಹೇಗೆ ಆರಿಸಿದೆ ಅನ್ನುವುದನ್ನು ಪೂರ್ತಿ ಬರೆಯುತ್ತೇನೆ, ಯಾಕೆಂದರೆ ಅದನ್ನು ಆರಿಸಲು ಹೋಗಿಯೇ ನಿನ್ನ ಬಗ್ಗೆ ನನಗೆ ಏನೇನು ಗೊತ್ತಿಲ್ಲ ಎಂದು ಗೊತ್ತಾಯಿತು.

ತೂಗುಹಾಕುವುದನ್ನು ತರುವಂತಿರಲಿಲ್ಲ. ನಿಮ್ಮಪ್ಪ ಹಾಕಿಸಿದ್ದ ಕೊಕ್ಕೆಯನ್ನು ನಾನೇ ಕತ್ತರಿಸಿ ತೆಗೆಸಿದ್ದೆ. ಈಗ ಮತ್ತೆ ತೊಲೆ ಕೊರೆಯಲು ಮನೆ ಮಾಲೀಕರು ಬಿಲ್ಕುಲ್ ಒಪ್ಪಲಿಲ್ಲ. ಹಾಗಾಗಿ ತನ್ನ ಬುಡದ ಮೇಲೆ ತಾನೇ ನಿಲ್ಲುವಂಥದ್ದು ಬೇಕಿತ್ತು. ಅಂಥದ್ದೊಂದು ಇದೆಯೆಂದು ತಿಳಿದದ್ದೇ ಈಗ.

ಆಟದ ಸಾಮಾನಿನ ಅಂಗಡಿಯಾಕೆ ನನ್ನ ವಯಸ್ಸಿನವಳೇ. ಮೊದಲು ಯಾವುದೋ ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದಳಂತೆ, ಈಗಲೂ ಕುತ್ತಿಗೆಯಲ್ಲಿ ಸೀಟಿ ನೇತಾಡುತ್ತಿರುತ್ತದೆ. ಮೊದಲು ತೋರಿಸಿದ್ದು ರಬ್ಬರಿನ ಮನುಷ್ಯನನ್ನು. ಸೊಂಟದಿಂದ ಮೇಲೆ ಮಾತ್ರ ಇದ್ದಾನೆ, ಕೈಗಳಿಲ್ಲ, ಹುಬ್ಬು ಗಂಟಿಕ್ಕಿಕೊಂಡು ನೋಡುತ್ತಾನೆ. “ಇದು ಬಹಳ ಹೋಗತ್ತೆ ಮೇಡಂ. ಗಂಡಸರು ಬಾಸ್ ಥರಾ ಇದಾನೆ ಅಂತ ತಗೊಂಡು ಹೋಗ್ತಾರೆ. ಹೆಂಗಸರು ಯಾರ ಥರಾ ಇದಾನೆ ಅಂತ ಬಾಯಿ ಬಿಡಲ್ಲ,” ಎಂದು ನಕ್ಕಳು. ನನಗೂ ನಗು ಬಂತು. ಆದರೆ ಮುಖ ಇರುವುದು ಬೇಡ ಅಂದೆ. ಮನೆಯಲ್ಲಿ ನಿನ್ನೆದುರು ಇನ್ನೊಂದು ಮುಖ ನಿಲ್ಲಿಸುವುದು ಬೇಡವೆನಿಸಿತು.

ಆಮೇಲೆ ಸ್ಪ್ರಿಂಗ್ ಕಂಬದ ತುದಿಯಲ್ಲಿ ಚೆಂಡು ಕೂರಿಸಿದ್ದು ತೋರಿಸಿದಳು. ಅದು ಕೈಚಳಕಕ್ಕಂತೆ, ಬಲ ಬರುವುದಿಲ್ಲವಂತೆ. ಕೊನೆಗೆ ಉದ್ದನೆಯದು, ಕಪ್ಪಗೆ ಸಾದಾ, ಕೆಳಗೆ ದೊಡ್ಡ ಪ್ಲಾಸ್ಟಿಕ್ ಬುಡ. ಇದೇ ಇರಲಿ ಅಂದೆ. ಆಗ ಶುರುವಾಯಿತು ಪ್ರಶ್ನೆ.

“ಮಗಳ ಎತ್ತರ ಎಷ್ಟು?”

ಸುಮಾರು ನನ್ನಷ್ಟು ಅಂದೆ.

“ಸುಮಾರು ಅಂದ್ರಾಗಲ್ಲ ಮೇಡಂ. ಗಿಡ್ಡ ಆದ್ರೆ ಬಗ್ಗಿ ಬಗ್ಗಿ ಹೊಡೆದು ಅಭ್ಯಾಸ ಕೆಡತ್ತೆ. ತೂಕ? ಯಾವ ತೂಕದಲ್ಲಿ ಆಡ್ತಾಳೆ? ಅದರ ಮೇಲೇ ಬುಡ ಎಷ್ಟು ಭಾರ ಇರಬೇಕು ಅನ್ನೋದು.”

ಗೊತ್ತಿಲ್ಲ ಅಂದೆ.

“ಎಡಗೈಯವಳಾ ಬಲಗೈಯವಳಾ? ಗೋಡೆ ಯಾವ ಕಡೆ ಬರಬೇಕು ಹೇಳ್ತೀನಿ.”

ಬಲಗೈ, ಅಂದೆ. ಇದೊಂದಾದರೂ ಖಂಡಿತ ಗೊತ್ತಿತ್ತು.

ಅವಳು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಫೋನ್ ಮಾಡಿ ಕೇಳಿಬಿಡಿ ಮೇಡಂ, ನಾನೆಲ್ಲೂ ಹೋಗಲ್ಲ,” ಅಂದಳು. ಆಮೇಲೆ ಬರುತ್ತೇನೆಂದು ಹೇಳಿ ಹೊರಗೆ ಬಂದುಬಿಟ್ಟೆ. ಎಂ.ಎ. ಮಾಡಿದ್ದೇನೆ, ಇಪ್ಪತ್ತು ವರ್ಷದಿಂದ ಯಾವ ಪುಸ್ತಕ ಯಾವ ಕಪಾಟಿನ ಎಷ್ಟನೇ ಸಾಲಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತೇನೆ. ಹೆತ್ತ ಮಗಳು ಎಷ್ಟು ಎತ್ತರ ಎಂದು ಹೇಳಲು ಆಗಲಿಲ್ಲ.

ಕೇಳುವ ಮುಖ ಇರಲಿಲ್ಲ, ಅದಕ್ಕೆ ಹುಡುಕಿದೆ. ಹುಡುಕುವುದು ತಾನೇ ನನ್ನ ಕಸುಬು. ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ, ಹೋದ ವರ್ಷದ ಆಟದ ಪುಟಗಳನ್ನು ಒಂದೊಂದೇ ನೋಡಿದೆ. ಮೂರನೆಯ ದಿನ ಒಂದು ಚಿತ್ರದಲ್ಲಿ ನೀನು ಸಿಕ್ಕಿದೆ. ರಿಂಗಿನ ಹಗ್ಗಕ್ಕೆ ಒತ್ತಿಕೊಂಡು ನಿಂತಿದ್ದೀಯ, ಎದುರಿನವಳ ಬೆನ್ನು ಮಾತ್ರ ಕಾಣುತ್ತದೆ. ಚಿತ್ರದ ಕೆಳಗೆ ತೂಕವೂ ಇತ್ತು, ಐವತ್ತೇಳು ಕೆಜಿ ವಿಭಾಗ ಎಂದು. ಎತ್ತರ ಇರಲಿಲ್ಲ. ಆಟದ ನಿಯಮಗಳ ಪುಸ್ತಕ ತೆಗೆದು ನೋಡಿದರೆ ಮೇಲಿನ ಹಗ್ಗ ರಿಂಗಿನ ನೆಲದಿಂದ ನೂರಮೂವತ್ತು ಸೆಂಟಿಮೀಟರ್ ಇರಬೇಕೆಂದು ಬರೆದಿತ್ತು. ಸ್ಕೇಲು ಇಟ್ಟು ಅಳೆದೆ. ಚಿತ್ರದಲ್ಲಿ ಹಗ್ಗ ಆರೂವರೆ ಸೆಂಟಿಮೀಟರ್, ನೀನು ಏಳು ಪಾಯಿಂಟ್ ಒಂಬತ್ತು. ಲೆಕ್ಕಕ್ಕೆ ನೂರೈವತ್ತೆಂಟು ಬಂತು. ಆದರೆ ನೀನು ಮಂಡಿ ಬಗ್ಗಿಸಿ ನಿಂತಿದ್ದೆ. ಬಗ್ಗಿದರೆ ಎಷ್ಟು ಕಡಿಮೆಯಾಗುತ್ತದೆ ಎಂದು ನೋಡಲು ಕೈತೊಳೆಯುವ ಕೋಣೆಯ ಕನ್ನಡಿ ಮುಂದೆ ಹಾಗೇ ನಿಂತು ನೋಡಿಕೊಳ್ಳುತ್ತಿದ್ದೆ. ಜೊತೆಯಲ್ಲಿ ಕೆಲಸ ಮಾಡುವಾಕೆ ಒಳಗೆ ಬಂದವಳು, “ಅಯ್ಯೋ, ಏನಾಯ್ತು ನಿಮ್ಮ ಮಂಡಿಗೆ? ಎಣ್ಣೆ ಹಚ್ಚಿಕೊಳ್ಳಿ,” ಅಂದಳು. ಹೂಂ ಅಂದೆ. ಆರು ಸೆಂಟಿಮೀಟರ್ ಸೇರಿಸಿ ನೂರರವತ್ತನಾಲ್ಕು ಎಂದು ಬರೆದುಕೊಂಡೆ. ನನಗಿಂತ ಎತ್ತರ. ಯಾವಾಗ ಆದೆ?

ಅದೇ ಚಿತ್ರದಲ್ಲಿ ಇನ್ನೊಂದನ್ನು ನೋಡಿದೆ. ನಿನ್ನ ಬಲಗೈ ಮುಂದೆ ಕಾವಲಿಗಿದೆ, ಎಡಗೈ ಹಿಂದೆ ಗಲ್ಲದ ಹತ್ತಿರ ಹೊಡೆಯಲು ಸಿದ್ಧವಾಗಿದೆ. ಅಂಗಡಿಯಾಕೆಗೆ ಹೇಳಿದಾಗ, “ಹಾಗಿದ್ರೆ ಎಡಗೈಯವಳೇ ಮೇಡಂ, ಹೊಡೆತದ ಕೈ ಹಿಂದಿರತ್ತೆ,” ಅಂದಳು. ನಿನಗೆ ನೆನಪಿದೆಯೋ ಇಲ್ಲವೋ, ಮೂರು ವರ್ಷದವಳಿದ್ದಾಗ ನೀನು ಎಲ್ಲವನ್ನೂ ಎಡಗೈಯಲ್ಲೇ ಹಿಡಿಯುತ್ತಿದ್ದೆ. ನಾನು ಬಿಡಿಸಿದೆ. ಬಳಪವನ್ನು ಬಲಗೈಗೆ, ಚಮಚವನ್ನು ಬಲಗೈಗೆ ಎಂದು ಒಂದು ವರ್ಷ ನಿನ್ನ ಹಿಂದೆ ಬಿದ್ದಿದ್ದೆ. ನಿಮ್ಮಪ್ಪ, “ಅವಳ ಕೈ ಅವಳದ್ದು, ಬಿಡೇ,” ಎನ್ನುತ್ತಿದ್ದರು. ನಾನು ಬಿಡಿಸಿದ್ದ ಕೈಯನ್ನು ಅಲ್ಲಿ ನೀನು ವಾಪಸು ತೆಗೆದುಕೊಂಡಿದ್ದೀಯ.

ಇನ್ನು ಹೇಳಲೇಬೇಕಾದದ್ದು.

ಕೆಳಮನೆಯ ಟೈಲರ್ ತಾತ ನಿನ್ನ ಗುದ್ದಿನ ಸದ್ದಿನ ಬಗ್ಗೆ ಯಾವತ್ತೂ ದೂರು ಹೇಳಿರಲಿಲ್ಲ. ಒಂದು ಸಲವೂ ಇಲ್ಲ. ಅದು ನಾನು ಕಟ್ಟಿದ ಸುಳ್ಳು.

ನಾಲ್ಕು ವರ್ಷದ ಹಿಂದೆ ನೀನು ಜಿಲ್ಲೆಯ ಪಂದ್ಯ ಗೆದ್ದು ಮನೆಗೆ ಬಂದ ದಿನ, ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತು ಚಾವಣಿ ನೋಡಿದೆ. “ಮೂಟೆ ಎಲ್ಲಮ್ಮಾ?” ಅಂದೆ. ಟೈಲರ್ ತಾತನಿಗೆ ಬೆಳಗಿನ ನಿದ್ದೆ ಕೆಡುತ್ತದಂತೆ, ಹತ್ತು ಸಲ ಹೇಳಿದರು, ತೆಗೆಸಿದೆ ಅಂತ ನಾನಂದೆ. “ತಾತಾನೇ ಹೊಲಿದುಕೊಟ್ಟಿದ್ದಲ್ವಾ ಅದು? ಅವರು ಹಾಗಂದ್ರಾ?” ಅಂತ ಎರಡೆರಡು ಸಲ ಕೇಳಿದೆ. ವಯಸ್ಸಾಯ್ತಲ್ಲ, ಅಂದೆ ನಾನು. ಗೆದ್ದದ್ದನ್ನು ಹೇಳಲು ಬಾಯಿ ತೆರೆದಿದ್ದ ನೀನು ಹಾಗೇ ಮುಚ್ಚಿಕೊಂಡು ಒಳಗೆ ಹೋದೆ. ನೀನು ಗೆದ್ದಿದ್ದೀಯ ಎಂದು ನನಗೆ ಮರುದಿನ ನಿಮ್ಮತ್ತೆಯಿಂದ ಗೊತ್ತಾಯಿತು. ಮುಂದಿನ ವಾರ ನೀನು ಹಾಸ್ಟೆಲ್ ಸೇರಿದೆ.

ಯಾಕೆ ತೆಗೆಸಿದೆ ಅನ್ನುವುದನ್ನು ಆಗ ನನಗೆ ನಾನೇ ಸರಿಯಾಗಿ ಹೇಳಿಕೊಂಡಿರಲಿಲ್ಲ. ನಿಮ್ಮಪ್ಪ ಎದೆ ಉರಿಯುತ್ತಿದೆ ಅಂದ ಸಂಜೆ ಗ್ಯಾಸ್ ಇರಬೇಕು, ಬಿಸಿನೀರು ಕುಡಿಯಿರಿ ಅಂದವಳು ನಾನು. ನೀನು ಅಲ್ಲೇ ಇದ್ದೆ, ಕೇಳಿಸಿಕೊಂಡೆ. ಅವರು ಹೋದ ಮೇಲೆ ಆ ವಿಷಯ ನೀನು ಒಂದು ದಿನವೂ ಎತ್ತಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಮೂಟೆಯ ಮುಂದೆ ನಿಲ್ಲುತ್ತಿದ್ದೆ, ಅಷ್ಟೆ. ಅದು ನಾನು ಅಡುಗೆಮನೆಯ ದೀಪದಲ್ಲಿ ಕವಿತೆ ಓದುವ ಹೊತ್ತು. ಎರಡು ವರ್ಷ ಆ ಸದ್ದು ಕೇಳಿದೆ. ಒಂದೊಂದು ಗುದ್ದೂ ನನ್ನನ್ನೇ ಕೇಳುತ್ತಿದೆ ಅನ್ನಿಸುತ್ತಿತ್ತು, ಯಾಕೆ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ, ಯಾಕೆ. ನೀನು ನಿನ್ನ ಪಾಡಿಗೆ ಅಪ್ಪನಿಗಾಗಿ ಅಳುತ್ತಿದ್ದಿರಬಹುದು ಎಂದು ಒಮ್ಮೆಯೂ ಹೊಳೆಯಲಿಲ್ಲ. ಅಷ್ಟು ಕವಿತೆ ಓದಿ ಏನು ಬಂತು, ಹೇಳು. ಪಕ್ಕದ ಕೋಣೆಯಲ್ಲಿ ಆಗುತ್ತಿದ್ದುದನ್ನು ತಪ್ಪಾಗಿ ಓದಿದೆ.

ಆ ಹಳೆಯ ಮೂಟೆಯನ್ನು ಹಾಸಿಗೆ ಹೊಲಿಯುವವನಿಗೆ ಕೊಟ್ಟೆ. ಅವನು ಮೆಟ್ಟಿಲ ಬಳಿಯೇ ಹೊಲಿಗೆ ಬಿಚ್ಚಿ ಒಳಗಿನದನ್ನು ಸುರಿದ. ಟೈಲರ್ ತಾತನ ಅಂಗಡಿಯ ಚಿಂದಿ, ಮಧ್ಯೆ ಮಧ್ಯೆ ನಿಮ್ಮಪ್ಪನ ಹಳೆಯ ಅಂಗಿಗಳು. ಮೂಟೆಗೆ ತೂಕ ಸಾಲದೆಂದು ಅವರೇ ತುರುಕಿದ್ದರಲ್ಲ. ನೀಲಿ ಗೆರೆಯ ಅಂಗಿಯ ತೋಳು ಹೊರಗೆ ಬಂತು, ಗುಂಡಿ ಸಮೇತ. ಬೇಡ, ಕೊಡಪ್ಪ ಅನ್ನಬಹುದಿತ್ತು. ಅವನು ಗೋಣಿಗೆ ತುಂಬಿಕೊಂಡು ಸೈಕಲ್ಲಿಗೆ ಕಟ್ಟುವವರೆಗೂ ನಿಂತು ನೋಡಿದೆ.

ಹೋದ ಭಾನುವಾರ ಕೆಳಗೆ ಹೋಗಿ ಟೈಲರ್ ತಾತನಿಗೆ ಎಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. “ಅಲ್ಲಮ್ಮಾ, ಮಗು ಯಾಕೆ ನನ್ನ ಕಂಡ್ರೆ ಮುಖ ತಿರುಗಿಸ್ಕೊಂಡು ಹೋಗ್ತಿತ್ತು ಅಂತ ಎಷ್ಟು ತಲೆ ಕೆಡಿಸಿಕೊಂಡೆ ಗೊತ್ತಾ? ಹೊಲಿಗೆ ಏನಾದ್ರೂ ಬಿಟ್ಟುಹೋಯ್ತಾ ಅಂದ್ಕೊಂಡಿದ್ದೆ. ನಿದ್ದೆ ಕೆಡೋದೇನು ಬಂತು, ಆ ಸದ್ದಿಗೇ ನಾನು ಏಳ್ತಿದ್ದಿದ್ದು. ಅದು ನಿಂತ ಮೇಲೆ ಅಲಾರಂ ತಗೊಂಡೆ,” ಅಂದರು. ಬೈದಿದ್ದರೆ ಚೆನ್ನಾಗಿತ್ತು. ಕಾಫಿ ಕೊಟ್ಟರು.

ಮೂಟೆ ತಂದ ದಿನ ಅವರೇ ಮೇಲೆ ಬಂದರು. ಬುಡಕ್ಕೆ ನೀರು ತುಂಬಬಹುದು, ಮರಳೂ ತುಂಬಬಹುದು. ನೀರು ಹಗುರ, ಜೋರಾಗಿ ಹೊಡೆದರೆ ಮೂಟೆ ನೆಲದ ಮೇಲೆ ನಡೆಯುತ್ತದೆ, ಒಮ್ಮೊಮ್ಮೆ ಸೋರುತ್ತದೆ ಎಂದು ಅಂಗಡಿಯಾಕೆ ಹೇಳಿದ್ದಳು. ಅದಕ್ಕೆ ಮರಳೇ. ಜರಡಿ ಹಿಡಿದು, ಒಣಗಿಸಿ, ಪತ್ರಿಕೆಯನ್ನು ಕೊಳವೆಯಂತೆ ಸುತ್ತಿ ಸುರಿದೆವು. ಅರ್ಧ ದಿನ ಹಿಡಿಯಿತು. “ಈ ಸಲ ಹೊಲಿಗೆ ನಂದಲ್ಲ, ಬಿಚ್ಚಿಕೊಂಡ್ರೆ ನನ್ನ ಕೇಳಬಾರದು,” ಅಂತ ಮೊದಲೇ ಹೇಳಿಬಿಟ್ಟರು. ಕೆಳಗೆ ದಪ್ಪ ರಬ್ಬರ್ ಹಾಸು ಹಾಕಿದೆ. ಸುತ್ತ ನಾಲ್ಕು ಅಡಿ ಜಾಗ ಬೇಕು, ಎಡಗೈ ಬೀಸುವ ಕಡೆ ಇನ್ನೂ ಸ್ವಲ್ಪ ಹೆಚ್ಚು ಇರಲಿ ಎಂದು ಅಂಗಡಿಯಾಕೆ ಅಂದಿದ್ದಳು, ನಡುಮನೆಯಲ್ಲಿ ನನ್ನ ಪುಸ್ತಕದ ಕಪಾಟು ಸರಿಸದೆ ಅಷ್ಟು ಜಾಗ ಆಗುತ್ತಿರಲಿಲ್ಲ. ಕವಿಗಳೆಲ್ಲ ಈಗ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಗಳ ಪಕ್ಕ ಇದ್ದಾರೆ. ಪಾಪ, ಯಾರೂ ಗೊಣಗಿಲ್ಲ.

ಬಂದರೆ ನಾನೇನೂ ಕೇಳುವುದಿಲ್ಲ. ನೋಡಲು ಬರಬೇಡ ಅಂದರೆ ಬಾಗಿಲು ಹಾಕಿಕೊಂಡು ಒಳಗಿರುತ್ತೇನೆ. ನನ್ನನ್ನು ಕ್ಷಮಿಸು ಎಂದು ಬರೆದು ಎರಡು ಸಲ ಹರಿದುಹಾಕಿದೆ. ಅದನ್ನು ಕೇಳಿದರೆ ಅದಕ್ಕೂ ನೀನೇ ಉತ್ತರ ಕೊಡಬೇಕಾಗುತ್ತದೆ, ಪಂದ್ಯದ ಹೊತ್ತಿನಲ್ಲಿ ಆ ಭಾರ ಬೇಡ. ಟೈಲರ್ ತಾತನಿಗೆ ಮಾತ್ರ ಒಂದು ಫೋನ್ ಮಾಡು. ಅವರದೇನೂ ತಪ್ಪಿರಲಿಲ್ಲ.

ಕೈ ಜೋಪಾನ. ಎರಡೂ.

ಇತಿ,
ನಿನ್ನ ಅಮ್ಮ

ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು: ಇನ್ನು ನಿನಗೆ ಸುಳ್ಳು ಹೇಳಬಾರದೆಂದು ಕೂತು ಬರೆದೂ ಒಂದನ್ನು ಮುಚ್ಚಿಟ್ಟೆ. ನಿಮ್ಮತ್ತೆ ಅವತ್ತು ಇನ್ನೊಂದು ಮಾತೂ ಹೇಳಿದ್ದರು. ನೀನು ಕೋಚ್ ಮನೆಯಲ್ಲಿ ಇರುವುದೆಂದು ಆಗಲೇ ತೀರ್ಮಾನವಾಗಿದೆ, ಸಾಮಾನನ್ನೂ ಸಾಗಿಸಿದ್ದೀಯ, “ಅಮ್ಮನಿಗೆ ಹೇಳಬೇಡಿ, ಸುಮ್ನೆ ಕರೀತಾರೆ, ನನಗೆ ಇಲ್ಲ ಅನ್ನೋಕೆ ಕಷ್ಟ ಆಗತ್ತೆ” ಅಂದಿದ್ದೀಯ ಎಂದು. ನಾನು ಮೊದಲ ಸಲ ಅಂಗಡಿಗೆ ಹೋದದ್ದು ಅದರ ಮರುದಿನ.