ಕೀಲಿಗೊಂಚಲು ಮೀಟಿಂಗಿಗೆ ಹೋದ ದಿನ

ತಿಂಗಳಿಗೆ ಆರು ಮೀಟಿಂಗು ಕರೆಯುವ ಶಿಕ್ಷಣಾಧಿಕಾರಿಗಳೇ,

ತಾವು ಮೀಟಿಂಗು ಕರೆದ ದಿನ ನನ್ನ ಅಕ್ಕನ ಮಗಳು ಸಮತಾ ಶಾಲೆಗೆ ಹೋಗುವಂತಿಲ್ಲ. 'ನನ್ನ ಮೀಟಿಂಗಿಗೂ ಆ ಹುಡುಗಿಗೂ ಏನು ಸಂಬಂಧ?' ಎಂದು ತಾವು ಕೇಳಬಹುದು. ಸಂಬಂಧ ಇರುವುದು ಒಂದು ಕಬ್ಬಿಣದ ಕೀಲಿಗೊಂಚಲಿನಿಂದ.

ಸಮತಾ ಐದನೇ ತರಗತಿ. ಕಳೆದ ವರ್ಷ ಪಾಠದ ನಡುವೆ ಅವಳಿಗೆ ಫಿಟ್ಸ್ ಬಂತು. ಮುಖ್ಯಗುರುಗಳಾದ ಮೈಲಾರಲಿಂಗಪ್ಪ ಸರ್ ಆಫೀಸಿಗೆ ಓಡಿ, ಚೀಲ ಜಾಲಾಡಿ, ಶಾಲೆಯ ಕೀಲಿಗೊಂಚಲು ತಂದು ಅವಳ ಮುಷ್ಟಿಯಲ್ಲಿಟ್ಟರು. ಫಿಟ್ಸ್ ನಿಂತಿತು. ಅಂದಿನಿಂದ ಆ ಗೊಂಚಲೇ ಅವಳ ಔಷಧಿ. ಆದರೆ ದಾಖಲೆ ಕಪಾಟಿನ ಕೀಲಿಯೂ ಅದರಲ್ಲೇ ಇರುವುದರಿಂದ, ತಾವು ಕರೆದಾಗಲೆಲ್ಲ ಅದು ಸರ್ ಜೇಬಿನಲ್ಲಿ ಬಸ್ಸು ಹತ್ತುತ್ತದೆ. ಕೋಣೆ ತೆರೆಯಲು ಸಹಶಿಕ್ಷಕಿಯ ಬಳಿ ಇನ್ನೊಂದು ಕೀಲಿ ಇದೆ. ಅದು ಹಿತ್ತಾಳೆಯದು, ಅದರಲ್ಲಿ ಗುಣ ಇಲ್ಲವಂತೆ. ಹಾಗಾಗಿ ಮುನ್ನಾದಿನವೇ ಸರ್ ಸಮತಾಳನ್ನು ಕರೆದು, ಪ್ರೀತಿಯಿಂದಲೇ, "ನಾಳೆ ಬರಬ್ಯಾಡವಾ" ಅನ್ನುತ್ತಾರೆ.

ನಾನು ಡಾಕ್ಟರಲ್ಲ. ಶಿಗ್ಗಾಂವಿಯ ಆರೋಗ್ಯ ಶಿಬಿರದಲ್ಲಿ ಹಂಚಿದ ಕರಪತ್ರಗಳನ್ನು, ಜನ ಅವುಗಳಲ್ಲಿ ಶೇಂಗಾ ಕಟ್ಟಿಕೊಳ್ಳುವ ಮೊದಲೇ, ಓದಿದವನು. ಮೆದುಳು ಅಂದರೆ ಒಂದಕ್ಕೊಂದು ಸುದ್ದಿ ಮುಟ್ಟಿಸುವ ಕೋಟ್ಯಂತರ ಕೋಶಗಳ ಜಾಲ. ತಮಗೆ ಶಾಲೆಯ ಭಾಷೆಯಲ್ಲೇ ಹೇಳುತ್ತೇನೆ. ಒಂದು ಕೋಣೆಯಲ್ಲಿ ಕನ್ನಡ, ಇನ್ನೊಂದರಲ್ಲಿ ಗಣಿತ, ಮತ್ತೊಂದರಲ್ಲಿ ಚಿತ್ರ ನಡೆದರೆ ಅದು ಶಾಲೆ. ನಾಲ್ಕನೇ ತರಗತಿ ಏಕಾಏಕಿ ಏಳರ ಮಗ್ಗಿ ಕೂಗತೊಡಗಿತು, ಪಕ್ಕದ ಕೋಣೆ ದನಿಗೂಡಿಸಿತು, ಬಾಗಿಲಿಂದ ಬಾಗಿಲಿಗೆ ಹಬ್ಬಿ ಇಡೀ ಶಾಲೆ ಅದೇ ಮಗ್ಗಿ ಹಿಡಿಯಿತು ಅನ್ನಿ. ಗೋಡೆ ಬಿದ್ದಿಲ್ಲ, ಮಾಸ್ತರರು ಓಡಿಹೋಗಿಲ್ಲ. ಆದರೂ ಪಾಠ ನಿಂತಿತು. ಫಿಟ್ಸ್ ಅಂದರೆ ಇದು. ಮಗ್ಗಿ ಒಂದೇ ಕೋಣೆಯಲ್ಲಿ ಉಳಿದರೆ ಮಗುವಿನ ಒಂದು ಕೈ ಮಾತ್ರ ಅದುರಬಹುದು, ಇಲ್ಲವೇ ಮಗು ಎತ್ತಲೋ ನೋಡುತ್ತ ಕೂರಬಹುದು. ಎಲ್ಲ ಕೋಣೆಗಳಿಗೆ ಹಬ್ಬಿದರೆ ಮಗು ಬೀಳುತ್ತದೆ. ಸಾಮಾನ್ಯವಾಗಿ ಈ ಕೂಗು ಎರಡು ಮೂರು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ದಿನಾ ನುಂಗುವ ಗುಳಿಗೆ ಆ ಕೂಗು ಏಳದಂತೆ, ಹಬ್ಬದಂತೆ ತಡೆಯುತ್ತದೆ. ಇಷ್ಟು ದೊಡ್ಡ ಜಾಲದಲ್ಲಿ ಕಬ್ಬಿಣದ ಕೀಲಿಗೆ ಯಾವ ಹುದ್ದೆ, ಮಾನ್ಯರೇ?

ಸರ್ ಓಡಿಹೋಗಿ ಗೊಂಚಲು ಹುಡುಕಿ ತರಲು ಹಿಡಿದದ್ದೂ ಎರಡೇ ನಿಮಿಷ. ಡಸ್ಟರ್ ತಂದಿದ್ದರೂ ನಿಲ್ಲುತ್ತಿತ್ತು. ಮನೆಯಲ್ಲಿ ಒಮ್ಮೆ ಫಿಟ್ಸ್ ಬಂದಾಗ ನಮ್ಮವ್ವ ಶಾರವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಮೊಮ್ಮಗಳನ್ನು ಒಲೆಯಿಂದ ದೂರ ಸರಿಸಿ, ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕದೆ, ಕೈಕಾಲು ಅದುಮದೆ ಪಕ್ಕದಲ್ಲಿ ಕುಳಿತಳು. ಐದು ನಿಮಿಷ ದಾಟಿದರೆ ಗಾಡಿ ತರಬೇಕೆಂದು ನನ್ನನ್ನು ಗಡಿಯಾರದ ಮುಂದೆ ನಿಲ್ಲಿಸಿದಳು. ದಾಟಲಿಲ್ಲ. ಗುಳಿಗೆ ಶುರುವಾಗಿ ಎಂಟು ತಿಂಗಳಾಯಿತು, ಫಿಟ್ಸ್ ಮರಳಿ ಬಂದಿಲ್ಲ. ಶಾಲೆಯಲ್ಲಿ ಅದರ ಕೀರ್ತಿಯೂ ಗೊಂಚಲಿಗೇ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಸಮತಾ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬಿದ್ದಾಳೆ. ಶುಕ್ರವಾರ ಕೊನೆಯ ದಿನ. ಸರ್ ಸಹಿ ಮಾಡುತ್ತಿಲ್ಲ. ಪರೀಕ್ಷೆ ನಡೆಯುವಲ್ಲಿ ಅವಳ ಕೈಗೆ ಕೀಲಿ ಕೊಡುವವರು ಯಾರು ಎಂಬುದು ಅವರ ಚಿಂತೆ. ನಾನು ಹೋಗಿ ಕರಪತ್ರ ಓದಿ ಹೇಳಿದೆ. ಪೂರ್ತಿ ಕೇಳಿ, ಚಹಾ ಕುಡಿಸಿ ಕಳಿಸಿದರು. ಮರುದಿನ ಸಮತಾಳೇ ಹೋದಳು.

"ಸರ್, ಆ ಕೀಲಿ ನನ್ನ ಕಡೆ ಕೊಟ್ಟ ಹೋಗ್ರಿ. ಪರೀಕ್ಷೆಗೂ ಒಯ್ತೇನಿ."

"ಕಪಾಟಿನ ಕೀಲಿ ಅದರಾಗ ಐತೆವಾ. ಸಾಹೇಬರು ಕೇಳಿದ್ರ ಏನ ಹೇಳಲಿ?"

"ಹಂಗಾರ ಅವರನ್ನ ಕೇಳ್ರಿ, ಸಾಲ್ಯಾಗ ಕೀಲಿ ಇರಬೇಕೋ, ನಾ ಇರಬೇಕೋ ಅಂತ."

ಸರ್ ತಮ್ಮನ್ನು ಕೇಳುವವರಲ್ಲ. ಆದ್ದರಿಂದ ನಾನು ಕೇಳುತ್ತಿದ್ದೇನೆ. ಒಂದು ಸಾಲಿನ ಆದೇಶ ಸಾಕು: ಕೀಲಿ ಇರಲಿ, ಬಿಡಲಿ, ಸಮತಾ ಶಾಲೆಗೆ ಬರತಕ್ಕದ್ದು, ಅವಳ ಅರ್ಜಿಗೆ ಸಹಿ ಬೀಳತಕ್ಕದ್ದು. ಮುಂದಿನ ಮೀಟಿಂಗಿನಲ್ಲಿ ನಮ್ಮವ್ವನಿಗೆ ಹತ್ತು ನಿಮಿಷ ಕೊಡಿ, ಮಗುವನ್ನು ಮಗ್ಗುಲಿಗೆ ಹೊರಳಿಸುವುದು ಹೇಗೆಂದು ಎಲ್ಲ ಮುಖ್ಯಗುರುಗಳಿಗೂ ತೋರಿಸುತ್ತಾಳೆ. ಭತ್ಯೆ ಬೇಡ. ಆದರೆ ದಯವಿಟ್ಟು ಆ ಮೀಟಿಂಗನ್ನು ಶುಕ್ರವಾರ ಇಡಬೇಡಿ. ಅಂದು ಸರ್ ಮತ್ತು ಅವರ ಪೆನ್ನು ಊರಲ್ಲೇ ಇರಬೇಕು.

ಇಂತಿ,
ತಮ್ಮ ಮೀಟಿಂಗಿನ ದಿನಗಳಲ್ಲಿ ಸಮತಾಳಿಗೆ ಭಿನ್ನರಾಶಿ ಕಲಿಸಲು ಹೋಗಿ ಅವಳಿಂದಲೇ ತಿದ್ದಿಸಿಕೊಳ್ಳುವ ಸೋದರಮಾವ,
ಹುಲಗೇಶ