ಆದರೆಗಾರರ ಸಭೆ

ಫೆಬ್ರವರಿ ೩೦, ೨೨೧೯

ಅಜ್ಜಿ ವಿಮಲಾಕ್ಷಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಾನು ನಿಮ್ಮ ಮರಿಮಗಳ ಮರಿಮಗಳು. ನೀವು ನೆಲೆಸಿದ ಓಹಾಯೋದ ಅದೇ ಊರಿನಲ್ಲಿದ್ದೇನೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಮಸ್ಕಾರ ಬರೆಯಲು ಮಾತ್ರ ಕೈ ಬರುತ್ತಿಲ್ಲ.

ಬರುವ ಗುರುವಾರ ನಿಮ್ಮ ನಗರಸಭೆ ಸೇರಲಿದೆ. ತೀರಿಕೊಂಡ ಶ್ರೀಪಾದರಾಯರ ನೆನಪಿಗೆ ಪಾರ್ಕಿನಲ್ಲಿ ಬೆಂಚು ಹಾಕಿಸಿ, ಫಲಕದಲ್ಲಿ ‘ನನ್ನ ಪತಿ’ ಎಂದು ಬರೆಸಲು, ಅವರ ಜೊತೆ ಒಂದೇ ಮನೆಯಲ್ಲಿ ಬಾಳಿದ ವಾಲ್ಟರ್ ಅನುಮತಿ ಕೇಳಿದ್ದಾರೆ. ಆ ಒಂದು ಪದದ ಬಗ್ಗೆ ಇಡೀ ಊರು ಅಭಿಪ್ರಾಯ ಹೇಳಲಿದೆ, ತಲಾ ಮೂರು ನಿಮಿಷ. ಒಬ್ಬ ಮನುಷ್ಯ ಯಾರನ್ನು ಕಳೆದುಕೊಂಡ ಎಂಬುದನ್ನು ನೆರೆಹೊರೆಯವರು ಕೈ ಎತ್ತಿ ತೀರ್ಮಾನಿಸುವುದು! ಇದಕ್ಕೆ ನೀವು ಪ್ರಜಾಪ್ರಭುತ್ವ ಎನ್ನುತ್ತಿದ್ದಿರಂತೆ.

ನಮ್ಮಲ್ಲಿ ‘ಹೊಸಿಲು ಕಾಯಿದೆ’ ಇದೆ. ಇನ್ನೊಬ್ಬರ ಹೊಸಿಲೊಳಗಿನ ಸಂಬಂಧವನ್ನು ಸಭೆಗೆ ತರುವಂತಿಲ್ಲ. ಬೀದಿ ದೀಪ, ಚರಂಡಿ, ನಾಯಿಗಳ ಕಾಟ, ಇಷ್ಟಕ್ಕೇ ಸಭೆ. ಬೇಗ ಮುಗಿಯುತ್ತದೆ, ಚರಂಡಿಯೂ ಚೊಕ್ಕಟವಾಗಿರುತ್ತದೆ. ನಿಮ್ಮ ಗುರುವಾರದ ವಿಡಿಯೊವನ್ನು ಶಾಲೆಗಳಲ್ಲಿ ತೋರಿಸುತ್ತಾರೆ; ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಮೂವತ್ತೊಂದು ಜನ ಮೈಕಿನ ಮುಂದೆ ನಿಂತು, ‘ಅವರ ಮೇಲೆ ನನಗೇನೂ ದ್ವೇಷವಿಲ್ಲ, ಆದರೆ’ ಎಂದೇ ಶುರುಮಾಡುತ್ತಾರೆ. ಅಂಥವರಿಗೆ ನಮ್ಮಲ್ಲಿ ‘ಆದರೆಗಾರರು’ ಎಂದು ಹೆಸರು; ಅದೊಂದು ಬೈಗುಳ. ಇಪ್ಪತ್ತನೆಯವರು ನಿಮ್ಮ ಯಜಮಾನರು, ಕನ್ನಡ ಸಂಘದ ಅಧ್ಯಕ್ಷರು. ಹನ್ನೊಂದು ಯುಗಾದಿಗೆ ವಾಲ್ಟರ್ ಕೈಯ ಒಬ್ಬಟ್ಟು ತಿಂದವರು. ಇಂಗ್ಲಿಷಿನಲ್ಲಿ ಮಾತು ಮುಗಿಸಿ, ಹಿಂದೆ ಕೂತ ನಮ್ಮವರತ್ತ ತಿರುಗಿ, “ಅವರಿಬ್ರೂ ಬರೀ ರೂಮ್‌ಮೇಟ್ಸು ಕಣ್ರೀ, ನಮ್ಮ ಸಂಸ್ಕೃತೀಲಿ ಇಂಥದ್ದೆಲ್ಲ ಎಲ್ಲಿದೆ?” ಎನ್ನುತ್ತಾರೆ.

ಆಮೇಲೆ ನಿಮ್ಮ ಹೆಸರು ಕರೆಯುತ್ತಾರೆ. ನೀವು ಕೈಚೀಲದಿಂದ ಚೀಟಿ ತೆಗೆಯುತ್ತೀರಿ, ಯಜಮಾನರ ಮುಖ ನೋಡುತ್ತೀರಿ, ಚೀಟಿಯನ್ನು ಮಡಚಿ ಒಳಗಿಡುತ್ತೀರಿ. ಮಕ್ಕಳ ನಗು ಅಲ್ಲಿ ನಿಲ್ಲುತ್ತದೆ. ‘ಗೆಳೆಯ’ ಎಂದು ಬರೆಸಿಕೊಳ್ಳಿ ಎಂದು ಸಭೆ ದೊಡ್ಡ ಮನಸ್ಸು ಮಾಡುತ್ತದೆ. ವಾಲ್ಟರ್ ಬೆಂಚೇ ಬೇಡವೆಂದು ಒಬ್ಬರೇ ಎದ್ದು ಹೋಗುತ್ತಾರೆ.

ಆ ಮೂವತ್ತೊಂದು ಜನರನ್ನು ಮೂರ್ಖರೆಂದು ಬಿಟ್ಟುಬಿಡಬಹುದು. ನಿಮ್ಮನ್ನು ಹಾಗೆ ಬಿಡಲಾರೆ, ಏಕೆಂದರೆ ನಿಮಗೆ ಗೊತ್ತಿತ್ತು. ಕೊನೆಯ ತಿಂಗಳು ಶ್ರೀಪಾದರಾಯರಿಗೆ ವಾಲ್ಟರ್ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದುದನ್ನು ನೀವು ಕಣ್ಣಾರೆ ಕಂಡಿದ್ದಿರಿ. ನಿಮ್ಮ ರಕ್ತ ನನ್ನಲ್ಲಿದೆಯೆಂದು ನಾಚಿಕೆಯಾಗುತ್ತದೆ.

ಗುರುವಾರಕ್ಕೆ ಇನ್ನೂ ಎರಡು ದಿನವಿದೆ. ಹೆಸರು ಕರೆದಾಗ ಎದ್ದು ನಿಲ್ಲಿ. ‘ಅವರಿಬ್ಬರೂ ಸಂಸಾರ ಮಾಡಿದವರು, ನಾನು ಕಂಡಿದ್ದೇನೆ’ ಎನ್ನಲು ಮೂರು ನಿಮಿಷ ಬೇಕಾಗಿಲ್ಲ. ಉಳಿದ ಹೊತ್ತು ವಾಲ್ಟರ್ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ.

ನಿಮ್ಮ ವಂಶದವಳೇ ಆದ,
ಇಂಚರಾ