ಅಪ್ಪನ ಉಗುರು, ಆಡಿನ ಕಿವಿ

ಅಪ್ಪಾ,
ಮೊದಲು ಊಟ ಮಾಡಿ. ಅನ್ನ, ಹುರಿದ ಸೋಯಾ ಟೆಂಪೆ ಮುಚ್ಚಿಟ್ಟಿದ್ದೇನೆ.

ಬಕ್ರೀದ್‌ಗೆ ಕುರ್ಬಾನಿ ಕೊಡುವವರು ಅದು ಮುಗಿಯುವವರೆಗೆ ಉಗುರು ತೆಗೆಯಬಾರದೆಂಬುದನ್ನು ಮರೆತು ಕತ್ತರಿಸಿಕೊಂಡವರು ನೀವು. ಕುರ್ಬಾನಿ ಸಲ್ಲುವುದಿಲ್ಲವೇನೋ ಎಂಬ ನಿಮ್ಮ ಚಿಂತೆಗೆ ಎರಡು ದಿನದಿಂದ ನಿದ್ದೆಗೆಟ್ಟಿದ್ದು ಮನೆಮಂದಿಯೆಲ್ಲ! ಬೆಳಿಗ್ಗೆ ಮಸೀದಿಯ ಉಸ್ತಾದ್ ಮುಖ್ಲಾಸರನ್ನು ಕೇಳಿಯೇಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕರು. “ನಿಮ್ಮಪ್ಪ ಕತ್ತರಿಸಿದ್ದು ತನ್ನ ಉಗುರು ತಾನೇ, ಆಡಿನ ಕಿವಿ ಅಲ್ವಲ್ಲ? ಕಿವಿ ಹೋಗಿದ್ರೆ ಆ ಆಡು ಕುರ್ಬಾನಿಗೆ ಆಗ್ತಿರಲಿಲ್ಲ. ದೇವರು ನೋಡೋದು ಮನಸ್ಸನ್ನ. ಧೈರ್ಯವಾಗಿ ಕೊಡೋಕೆ ಹೇಳಮ್ಮ” ಅಂದರು.

ಆಡಿಗೆ ಹಲಸಿನ ಸೊಪ್ಪು ಹಾಕಿ. ನೇಲ್ ಕಟರ್ ಹುಡುಕಬೇಡಿ, ನನ್ನ ಹತ್ತಿರವೇ ಇದೆ. ಮಾಂಸ ಹಂಚುವ ಬಿದಿರು ಬುಟ್ಟಿ ಹೆಣೆಯಲು ಮಸೀದಿಗೆ ಹೋಗುತ್ತಿದ್ದೇನೆ.

ಪೊಟ್ಟಣ ಕಟ್ಟಿ ಜೇಬಿನಲ್ಲಿಟ್ಟುಕೊಂಡಿದ್ದೀರಲ್ಲ ಆ ಉಗುರು, ಅದನ್ನು ಇನ್ನಾದರೂ ಎಸೆಯಿರಿ.

ಲಾಸ್ತ್ರಿ